ಮೇಲಿನ ಹಳ್ಳಿಯ ಮೈನಸ್ ನಾಲ್ಕು

ಕಣಿವೆಯ ಹಳ್ಳಿ ಬಾಮ್ಗೋಲಿನವರಿಗೆ ಚಳಿಯ ಬಗ್ಗೆ ಜಂಬವಿಲ್ಲ, ಬಿಸಿಲಿನ ಬಗ್ಗೆಯೂ ಇಲ್ಲ. ಅವೆರಡರ ನಡುವಿನ ಅಂತರದ ಬಗ್ಗೆ ಬೇಕಾದಷ್ಟು ಇದೆ. ಬೆಳಿಗ್ಗೆ ಮೂಗಿನ ತುದಿ ಮರಗಟ್ಟಿತು ಎಂದು ಗೊಣಗುವ ಹೆಂಗಸೇ ಮಧ್ಯಾಹ್ನ ಹತ್ತಿಯ ಕೋಟು ಬಿಚ್ಚಿ ಬೇಲಿಯ ಮೇಲೆ ಎಸೆಯುತ್ತಾಳೆ. ಟೀವಿಯವನು ನಕ್ಷೆಯ ಮುಂದೆ ನಿಂತು ಸಿಯೋಲ್‌ನಲ್ಲಿ ಇಷ್ಟು, ಬೂಸಾನಿನಲ್ಲಿ ಅಷ್ಟು ಎಂದು ಶುರುಮಾಡಿದರೆ ಇಲ್ಲಿಯವರು ಎದ್ದುಹೋಗಿ ಅಕ್ಕಿ ತೊಳೆಯುತ್ತಾರೆ. ಅವನು ಹೇಳುವ ಊರುಗಳಲ್ಲಿ ಹತ್ತಿರದ್ದೆಂದರೆ ಜಿಲ್ಲಾಕೇಂದ್ರ, ಅದು ಇರುವುದು ಬಯಲಿನಲ್ಲಿ. ಬಯಲಿನ ಚಳಿ ಕಟ್ಟಿಕೊಂಡು ಕಣಿವೆಯವರಿಗೆ ಏನಾಗಬೇಕು?

ಪಿಲ್ಸುನ್‌ಳ ಅನ್ನ ಹುಟ್ಟುತ್ತಿದ್ದದ್ದು ಈ ಅಂತರದಲ್ಲೇ. ಗಂಡ ತೀರಿಕೊಂಡ ಮೇಲೆ ಅವನ ಮೀನು ಒಣಗಿಸುವ ಕಣವನ್ನು ಒಬ್ಬಳೇ ನಡೆಸುತ್ತಿದ್ದಳು. ಚಳಿಗಾಲ ಬಂತೆಂದರೆ ಸೊಕ್ಚೊ ಬಂದರಿನಿಂದ ತಾಕ್ ಸಾಹುಕಾರರ ಲಾರಿ ಕರುಳು ತೆಗೆದ ಮ್ಯೊಂಗ್ತೆ ಮೀನು ತಂದು ಸುರಿಯುತ್ತದೆ. ಅದನ್ನು ಹೊಳೆಯ ನೀರಿನಲ್ಲಿ ತೊಳೆದು, ಜೋಡಿ ಜೋಡಿಯಾಗಿ ಕಟ್ಟಿ, ಆಳೆತ್ತರದ ಮರದ ಚಪ್ಪರಗಳಿಗೆ ತೂಗುಹಾಕಬೇಕು. ರಾತ್ರಿ ಮೀನು ಕಲ್ಲಾಗಬೇಕು, ಮಧ್ಯಾಹ್ನ ಬಿಸಿಲಿಗೆ ಸಡಿಲಬೇಕು, ರಾತ್ರಿ ಮತ್ತೆ ಕಲ್ಲಾಗಬೇಕು. ಚಳಿಗಾಲವಿಡೀ ಹೀಗೆ ಗಟ್ಟಿಯಾಗಿ ಸಡಿಲಾಗಿ ಗಟ್ಟಿಯಾಗಿ ಸಡಿಲಾಗಿ, ವಸಂತದ ಹೊತ್ತಿಗೆ ಮಾಂಸ ಹತ್ತಿಯಂತೆ ಉಬ್ಬಿ ಹಳದಿಗೆ ತಿರುಗುತ್ತದೆ. ಅದೇ ಹ್ವಾಂಗ್ತೆ, ಒಳ್ಳೆ ಬೆಲೆಯ ಒಣಮೀನು. ರಾತ್ರಿಯ ಚಳಿ ಸಾಲದೆ ಹೋದರೆ ರಸ ಸೋರಿ ಮೀನು ಕಪ್ಪಾಗುತ್ತದೆ. ಮಧ್ಯಾಹ್ನದ ಬಿಸಿಲು ಸಾಲದೆ ಹೋದರೆ ಬಿಳಿಚಿಕೊಂಡು ಮರದ ಚೂರಾಗುತ್ತದೆ. ಎರಡನ್ನೂ ಪೇಟೆಯಲ್ಲಿ ಕೇಳುವವರಿಲ್ಲ.

ಹಾಗಾಗಿ ಮೀನು ಏರಿಸುವ ದಿನವೇ ಎಲ್ಲಕ್ಕಿಂತ ದೊಡ್ಡ ದಿನ. ಆ ದಿನವನ್ನು ಗೊತ್ತುಮಾಡಲು ಬಾಮ್ಗೋಲಿನವರು ತಮ್ಮ ಊರಿನ ಥರ್ಮಾಮೀಟರನ್ನು ನಂಬುವುದಿಲ್ಲ. ಘಾಟಿಯ ಮೇಲಿನ ಹಳ್ಳಿ ನೂನ್ಗೋಲಿಗೆ ಚಳಿ ಮೊದಲು ಇಳಿಯಬೇಕು, ಅಲ್ಲಿ ನೆಲೆಯೂರಬೇಕು, ಆಮೇಲೆ ಕೆಳಗೆ ಬಂದದ್ದೇ ನಿಜವಾದ ಚಳಿ ಎನ್ನುವುದು ಅವರ ಲೆಕ್ಕ. ಕೆಳಗೆ ಒಂದೆರಡು ರಾತ್ರಿ ತಾನಾಗಿಯೇ ಬೀಳುವ ಚಳಿ ಬರೀ ಮೋಸ. ಪಿಲ್ಸುನ್‌ಳ ಗಂಡ ಒಮ್ಮೆ ಅಂಥ ಚಳಿಯನ್ನು ನಂಬಿ ಮೀನು ಏರಿಸಿದ್ದ. ಮೂರನೆಯ ದಿನ ಮಳೆ ಹುಯ್ದು ಇಡೀ ಕಣ ಇದ್ದಿಲಿನ ಅಂಗಡಿಯಾಯಿತು.

ಪಿಲ್ಸುನ್‌ಗೆ ಆ ಭಯವಿರಲಿಲ್ಲ, ಯಾಕೆಂದರೆ ನೂನ್ಗೋಲಿನಲ್ಲಿ ಅವಳ ಒಡಹುಟ್ಟಿದ ತಂಗಿಯೇ ಇದ್ದಳು. ಮಾಲ್ಜಾ ಮದುವೆಯಾಗಿ ಆ ಊರಿಗೆ ಹೋದಂದಿನಿಂದ, ಇಪ್ಪತ್ತು ಚಳಿಗಾಲ, ಬೆಳಿಗ್ಗೆ ಒಲೆ ಹಚ್ಚಿದ ಕೂಡಲೇ ಫೋನು. ಮೇಲೆ ಮೈನಸ್ ಹತ್ತು ಎಂದು ತಂಗಿ ಹೇಳಿದ ದಿನ ಅಕ್ಕ ಸೊಕ್ಚೊಗೆ ಫೋನು ಮಾಡಿ ಲಾರಿ ಕಳಿಸಿ ಎನ್ನುತ್ತಿದ್ದಳು. ಒಂದು ವರ್ಷವೂ ತಪ್ಪಿರಲಿಲ್ಲ.

ಈ ವರ್ಷದ ಫೋನು ಹೀಗಿತ್ತು.

"ಅಕ್ಕ, ಎದ್ಯಾ?"

"ಎದ್ದು ಒಲೆ ಹಚ್ಚಿ ಆಯ್ತು. ಎಷ್ಟು?"

"ಮೈನಸ್ ನಾಲ್ಕು."

"ಅಷ್ಟೇನಾ? ಇಲ್ಲಿ ಹನ್ನೊಂದು ತೋರಿಸ್ತಾ ಇದೆಯಲ್ಲೇ."

"ನಿಂದೇನೋ ಕೆಟ್ಟಿರಬೇಕು. ಈ ವರ್ಷ ಚಳಿಗೂ ಸೋಮಾರಿತನ ಬಂದಿದೆ ಅಕ್ಕ. ಅವಸರ ಮಾಡ್ಬೇಡ, ಕಾಯಿ."

ಪಿಲ್ಸುನ್ ಕಾದಳು. ಮರುದಿನವೂ ನಾಲ್ಕು. ಅದರ ಮರುದಿನ ಐದು, ಆಮೇಲೆ ಮತ್ತೆ ನಾಲ್ಕು. ಇಲ್ಲಿ ನೋಡಿದರೆ ಅಂಗಳದಲ್ಲಿಟ್ಟ ಬೋಗುಣಿಯ ನೀರು ತಳದವರೆಗೆ ಹೆಪ್ಪುಗಟ್ಟಿ ಬೋಗುಣಿಯೇ ಸೀಳಿತ್ತು. ಅವಳು ತನ್ನ ಥರ್ಮಾಮೀಟರನ್ನು ಕಿತ್ತುಕೊಂಡು ಪಕ್ಕದ ಮನೆಯ ಪೇ ಅಜ್ಜನ ಜಗಲಿಗೆ ಹೋಗಿ, ಅವನ ಥರ್ಮಾಮೀಟರಿನ ಪಕ್ಕ ನೇತುಹಾಕಿದಳು. ಎರಡೂ ಮೈನಸ್ ಹನ್ನೆರಡು ತೋರಿಸಿದವು.

"ಎರಡೂ ಒಂದೇ ಅಂಗಡಿಯವು, ಎರಡೂ ಕೆಟ್ಟಿವೆ," ಎಂದಳು.

ಪೇ ಅಜ್ಜ ಬಾಯಲ್ಲಿದ್ದ ಸಿಗರೇಟು ತೆಗೆದ. "ಅಲ್ಲ ಯೊನ್ಹಿ ಅಮ್ಮ, ಮೇಲಿನವರಿಗೆ ನಾಲ್ಕು, ನಮಗೆ ಹನ್ನೆರಡು. ಚಳಿ ಏನು ಹೊಳೆಯಿಂದ ಎದ್ದು ಬಂತಾ?" ಮದುವೆಯಾಗಿ ಹೋದ ಮಗಳ ಹೆಸರು ಹಿಡಿದೇ ಊರವರು ಅವಳನ್ನು ಕರೆಯುತ್ತಿದ್ದರು.

"ನನ್ನ ತಂಗಿ ಕಣ್ಣಾರೆ ನೋಡಿ ಹೇಳ್ತಾಳೆ, ಅಜ್ಜ."

"ನಿನಗೆ ಕಣ್ಣಿಲ್ವಾ?"

ಅವಳಿಗೆ ಸಿಟ್ಟು ಬಂತು. ಮುದುಕನಿಗೆ ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು, ಅವನಿಗೆಲ್ಲಿ ಗೊತ್ತಾಗಬೇಕು ಒಡಹುಟ್ಟಿದವರ ಮಾತು ಎಂದರೇನು ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಥರ್ಮಾಮೀಟರು ಕೆಡಬಹುದು, ಬೋಗುಣಿಗೆ ಮೊದಲೇ ಬಿರುಕಿದ್ದಿರಬಹುದು, ಮಾಲ್ಜಾ ಮಾತ್ರ ತಪ್ಪು ಹೇಳಲಾರಳು. ಅಷ್ಟು ಗಟ್ಟಿ ನಂಬಿಕೆ.

ಆದರೂ ಒಳಗೊಳಗೇ ಕಳವಳವಿತ್ತು. ಕಣದ ನೆಲ ಅವಳದಲ್ಲ. ಸ್ಕೀ ಆಡಲು ಬರುವ ಪೇಟೆಯವರಿಗೆ ವಸತಿಗೃಹ ಕಟ್ಟಬೇಕೆಂದು ನೆಲದ ಯಜಮಾನ ಹೊಂಚುಹಾಕಿ ಕೂತಿದ್ದ. ಒಂದು ಚಳಿಗಾಲ ಚಪ್ಪರ ಖಾಲಿ ನಿಂತರೆ ವಸಂತಕ್ಕೆ ನೆಲ ಬಿಟ್ಟುಕೊಡಬೇಕು ಎಂದು ಮುಖಕ್ಕೇ ಹೇಳಿಯೂ ಇದ್ದ. ಕೊನೆಗೆ ಸಾಹುಕಾರರು ಬೇಜಾರು ಮಾಡಿಕೊಂಡಾರು, ಇನ್ನೊಂದು ಸ್ವಲ್ಪ ತಾಳಿ ಎಂದು ಹೇಳಿಬಿಡೋಣ ಎಂದು ಪಿಲ್ಸುನ್ ತಾನೇ ಸೊಕ್ಚೊಗೆ ಫೋನು ಮಾಡಿದಳು.

"ಓ, ನೀವಾ? ಸೊಂಟ ಹೇಗಿದೆ ಈಗ?" ಎಂದರು ತಾಕ್ ಸಾಹುಕಾರರು.

"ಯಾರ ಸೊಂಟ?"

"ನಿಮ್ಮದೇ. ಏಳೋಕಾಗದ ಹಾಗೆ ಮಲಗಿದ್ದೀರಿ, ಈ ವರ್ಷ ಕಣ ಹಾಕಲ್ಲ ಅಂತ ನಿಮ್ಮ ತಂಗಿ ಹೇಳಿದ್ರಲ್ಲ. ಮೀನೆಲ್ಲ ಮೇಲೆ ಅವರ ಕಣಕ್ಕೇ ಹೋಗಿ ಆಗಲೇ ವಾರ ಆಯ್ತು. ಅಲ್ಲಿ ಒಳ್ಳೆ ಚಳಿಯಂತೆ, ಮೈನಸ್ ಹದಿನೈದು."

"ನನ್ನ ಸೊಂಟಕ್ಕೇನೂ ಆಗಿಲ್ಲ," ಎಂದಳು ಪಿಲ್ಸುನ್. ಆ ಕಡೆ ಸಾಹುಕಾರರು ಮತ್ತೆ ಮಾತು ಶುರುಮಾಡಿದರು. ಅವರಿಗೂ ವಿಷಯ ಅರ್ಥವಾಗಿರಬೇಕು, ದನಿ ತಗ್ಗಿತ್ತು. "ನಿಮ್ಮ ಅಕ್ಕತಂಗಿಯರ ಮಧ್ಯೆ ನಾನು ಬರಲ್ಲ. ಜನವರಿ ಕೊನೆಗೆ ಎರಡನೇ ಲಾರಿ ಇದೆ. ಮೇಲಿನ ಮೀನು ಹಳದಿಗೆ ತಿರುಗ್ತಾ ಇದ್ರೆ ಅದೂ ಅಲ್ಲಿಗೇ. ಇಲ್ಲ ಅಂದ್ರೆ ನಿಮ್ಮ ಕಣಕ್ಕೆ. ವ್ಯಾಪಾರ ಅಲ್ವಾ, ಬೇಜಾರು ಮಾಡ್ಕೋಬೇಡಿ."

ಬೇಜಾರಂತೆ. ಬೇಜಾರಿಗೆ ಅಲ್ಲಿ ಜಾಗವಾದರೂ ಎಲ್ಲಿತ್ತು? ಪ್ರತಿದಿನ ಬೆಳಿಗ್ಗೆ, ಎದ್ಯಾ ಅಕ್ಕ ಎಂದು ಕೇಳಿದ ಅದೇ ಬಾಯಿ. ತಾನು ಇಲ್ಲಿ ಥರ್ಮಾಮೀಟರು ಹಿಡಿದುಕೊಂಡು ಊರ ಮನೆಬಾಗಿಲಿಗೆ ಅಲೆಯುತ್ತಿದ್ದಾಗ ಅವಳು ಅಲ್ಲಿ ಮೀನು ಕಟ್ಟುತ್ತಿದ್ದಳು. ಫೋನು ಇಟ್ಟಮೇಲೆ ನಕ್ಕಿರಲೂಬಹುದು.

ಮರುದಿನ ಬೆಳಿಗ್ಗೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವಳು ಎತ್ತದೆ ಬಾಗಿಲು ಹಾಕಿಕೊಂಡು ಹೋಗಿ ಘಾಟಿಯ ಬಸ್ಸು ಹತ್ತಿದಳು.

ನೂನ್ಗೋಲಿನಲ್ಲಿ ಇಳಿದಾಗ ನಡುಮಧ್ಯಾಹ್ನ. ರಸ್ತೆಯಿಂದಲೇ ಕಂಡಿತು: ತಂಗಿಯ ಮನೆಯ ಹಿಂದೆ, ಬೆಟ್ಟದ ಬುಡಕ್ಕೆ ಒತ್ತಿಕೊಂಡು, ಹೊಸ ಪೈನ್ ಮರದ ಚಪ್ಪರಗಳು ಸಾಲುಸಾಲು. ತೊಗಟೆಯ ವಾಸನೆ ಇನ್ನೂ ಹೋಗಿರಲಿಲ್ಲ. ಅಷ್ಟು ಮರ ಕಡಿದು ನಿಲ್ಲಿಸಲು ಒಂದು ತಿಂಗಳಾದರೂ ಬೇಕು. ಅಂದರೆ ಚಳಿಗಾಲಕ್ಕೆ ಮೊದಲು ಸುಗ್ಗಿಯ ಹಬ್ಬಕ್ಕೆ ಬಂದು ತನ್ನ ಜೊತೆ ಒಂದೇ ಹೊದಿಕೆಯಲ್ಲಿ ಮಲಗಿದ್ದಾಗಲೇ ಇವಳ ತಲೆಯಲ್ಲಿ ಇದಿತ್ತು. ಮೀನುಗಳು ಬಾಯಿ ತೆರೆದುಕೊಂಡು ತೂಗುತ್ತಿದ್ದವು. ಪಿಲ್ಸುನ್‌ಳ ಕೈ ತನ್ನಷ್ಟಕ್ಕೇ ಹೋಗಿ ಒಂದರ ಹೊಟ್ಟೆ ಒತ್ತಿ ನೋಡಿತು. ಕೊರಡು. ಬೆರಳಿನ ಗೆಣ್ಣಿನಿಂದ ಬಡಿದಳು, ಠಕ್ ಠಕ್ ಎಂದಿತು. ಹೊತ್ತು ಮಧ್ಯಾಹ್ನವಾಗಿದ್ದರೂ ಚಪ್ಪರದ ಮೇಲೆ ಬೆಟ್ಟದ ನೆರಳು ಬಿದ್ದಿತ್ತು. ಬಿಸಿಲೆಲ್ಲ ತೊರೆಯ ಆಚೆ ದಡದಲ್ಲಿತ್ತು.

ಮಾಲ್ಜಾ ತಲೆಗೆ ಬಟ್ಟೆ ಕಟ್ಟಿಕೊಂಡು ಅಡುಗೆಮನೆಯಿಂದ ಹೊರಬಂದವಳು ಅಲ್ಲೇ ನಿಂತಳು.

"ಅಕ್ಕ... ಒಂದು ಫೋನ್ ಮಾಡಿ ಬರಬಾರದಿತ್ತಾ?"

"ಮಾಡಿದ್ರೆ ಎಷ್ಟು ಅಂತಿದ್ದೆ? ಮೈನಸ್ ನಾಲ್ಕಾ?"

ಮಾಲ್ಜಾ ನೆಲ ನೋಡಿದಳು. "ಒಳಗೆ ಬಾ. ಊಟ ಮಾಡು, ಆಮೇಲೆ ಬೈಯಿ."

ಒಳಗೆ ಒಲೆಯ ಶಾಖಕ್ಕೆ ನೆಲ ಬೆಚ್ಚಗಿತ್ತು. ಕಾಳಿನ ಸಾರು, ಮೂಲಂಗಿ ಕಿಮ್ಚಿ, ಬಿಸಿ ಅನ್ನ ಎಲ್ಲ ಎದುರಿಗೆ ಬಂತು. ಪಿಲ್ಸುನ್ ಚಮಚ ಮುಟ್ಟಲಿಲ್ಲ.

"ಸೊಂಟ ಬಿದ್ದುಹೋಗಿದೆ ಅಂದ್ಯಂತೆ."

"ಇನ್ನೇನು ಹೇಳಲಿ? ಸತ್ತುಹೋದ್ಲು ಅನ್ನೋಕೆ ಬಾಯಿ ಬರಲಿಲ್ಲ."

"ಅಂದಿದ್ರೆ ಚೆನ್ನಾಗಿತ್ತು. ಅಷ್ಟೇ ಬಾಕಿ ಇದ್ದದ್ದು."

"ಗಣಿ ಮುಚ್ಚಿ ಕೆಲಸ ಹೋದ ಮೇಲೆ ಇವರು ಮನೇಲಿ ಗೋಡೆ ನೋಡ್ಕೊಂಡು ಕೂತಿದ್ದಾರೆ ಅಕ್ಕ. ಬದುಕಬೇಕಲ್ಲ."

"ಕೇಳಿದ್ರೆ ಅರ್ಧ ಮೀನು ನಾನೇ ಕಳಿಸ್ತಿರಲಿಲ್ವೇನೇ?"

"ಕಳಿಸ್ತಿದ್ದೆ. ಅದಕ್ಕೇ ಕೇಳಲಿಲ್ಲ." ಮಾಲ್ಜಾ ತಲೆ ಎತ್ತಿದಳು, ಕಣ್ಣು ಕೆಂಪಾಗಿತ್ತು. "ಇಪ್ಪತ್ತು ವರ್ಷ ಬೆಳಿಗ್ಗೆ ಬೆಳಿಗ್ಗೆ ಎಷ್ಟು, ಎಷ್ಟು, ಎಷ್ಟು. ಒಂದು ದಿನ ಆದ್ರೂ ಹೇಗಿದ್ದೀಯ ಅಂದ್ಯಾ? ಮಗು ಹೊಟ್ಟೇಲೇ ಹೋದ ಮಾರನೇ ಬೆಳಿಗ್ಗೇನೂ ಎಷ್ಟು ಅಂತಾನೇ ಕೇಳ್ದೆ. ನಾನು ಎದ್ದುಹೋಗಿ ನೋಡ್ಕೊಂಡು ಬಂದು ಹೇಳ್ದೆ, ಮೈನಸ್ ಹದಿಮೂರು ಅಂತ. ನಿನಗೆ ತಂಗಿ ಬೇಕಿರಲಿಲ್ಲ ಅಕ್ಕ, ಗೋಡೆಗೆ ಮೊಳೆ ಹೊಡೆದು ನೇತುಹಾಕೋದು ಬೇಕಿತ್ತು."

ಪಿಲ್ಸುನ್‌ಗೆ ಮಗುವಿನ ವಿಷಯ ಆಗ ಗೊತ್ತಿರಲಿಲ್ಲ, ವಾರ ಕಳೆದ ಮೇಲೆ ತಿಳಿದಿತ್ತು. ಅದನ್ನು ಹೇಳಬಹುದಿತ್ತು. ಆದರೆ ಆ ದುಃಖವನ್ನು ಇಷ್ಟು ವರ್ಷ ಮಡಿಚಿಟ್ಟು ಇವತ್ತು, ಸುಳ್ಳು ಸಿಕ್ಕಿಬಿದ್ದ ಹೊತ್ತಿಗೆ ಸರಿಯಾಗಿ ತೆಗೆದಳಲ್ಲ ಎನ್ನಿಸಿ ಅವಳ ಸಿಟ್ಟು ಕರಗುವ ಬದಲು ಇನ್ನಷ್ಟು ಗಟ್ಟಿಯಾಯಿತು. ನಂಬಿಸಿ ಕತ್ತು ಕೊಯ್ದವಳ ಮನೆಯಲ್ಲಿ ಕೂತು ತಪ್ಪು ತನ್ನದೇ ಎಂದು ಕೇಳಿಸಿಕೊಳ್ಳಬೇಕೆ? ಅವಳು ಎದ್ದು ಕೋಟು ಹಾಕಿಕೊಂಡಳು.

"ಬೈಯೋದು ಬಾಕಿ ಇದೆ," ಎಂದಳು ಮಾಲ್ಜಾ.

"ನಿನಗೆ ಬೈಗುಳ ಬೇರೆ ದಂಡ."

ಮಾಲ್ಜಾ ಬಸ್ಸಿನ ನಿಲ್ದಾಣದವರೆಗೂ ಹಿಂದೆಯೇ ಬಂದಳು. ಘಾಟಿಯ ತಿರುವಿನಲ್ಲಿ ಬಸ್ಸು ಕಾಣಿಸಿಕೊಂಡಾಗ ಮಾಲ್ಜಾ ಮೆಲ್ಲಗೆ, ಚಿಕ್ಕವಳಿದ್ದಾಗ ಕೇಳುತ್ತಿದ್ದ ದನಿಯಲ್ಲಿ ಕೇಳಿದಳು.

"ಅಕ್ಕ, ಮೀನು ಮುಟ್ಟಿ ನೋಡ್ದೆ ಅಲ್ವಾ. ನಾನು ಕಿಟಕಿಯಿಂದ ನೋಡ್ದೆ."

"ಹೂಂ."

"ಏರಿಸಿದಾಗಿಂದ ಅದು ಮಧ್ಯಾಹ್ನಾನೂ ಸಡಿಲಾಗ್ತಾ ಇಲ್ಲ. ಹೀಗೇ ಇರುತ್ತಾ ಮೊದಮೊದಲು? ನೀನು ರಾತ್ರಿದು ಮಾತ್ರ ಕೇಳ್ತಿದ್ದೆ, ಮಧ್ಯಾಹ್ನದ್ದು ನನಗೆ ಯಾವತ್ತೂ ಹೇಳಲಿಲ್ಲ. ಸಾಹುಕಾರ್ರು ಜನವರೀಲಿ ಬಂದು ನೋಡ್ತಾರಂತೆ. ಇವರು ಚಪ್ಪರ ಕಿತ್ತು ತೊರೆ ಆಚೆ ಹಾಕೋಣ ಅಂತಾರೆ, ನನಗೆ ಭಯ. ಏನು ಮಾಡ್ಲಿ ಹೇಳು."

ತೊರೆಯ ಆಚೆ ದಡದಲ್ಲಿ ಬಿಸಿಲು ಬಿದ್ದು ಹಿಮ ಕರಗುತ್ತಿತ್ತು. ಹುಲ್ಲಿನ ತುದಿಗಳು ಹೊರಗೆ ಕಾಣುತ್ತಿದ್ದವು. ಈ ವಾರದಲ್ಲಿ ಅಲ್ಲಿಗೆ ಹಾಕಿದರೆ ಒಂದು ಮೀನೂ ಕೆಡುವುದಿಲ್ಲ. ಇನ್ನೂ ತಡಮಾಡಿದರೆ ಒಂದೂ ಉಳಿಯುವುದಿಲ್ಲ. ಪಿಲ್ಸುನ್ ಅದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳಾಗಿದ್ದಳು.

"ಮೊದಮೊದಲು ಹಾಗೇ," ಎಂದಳು. "ಚೆನ್ನಾಗೇ ಬರ್ತಿದೆ. ಕದಲಿಸಬೇಡ, ಹಾಗೇ ಬಿಡು."

"ನಿಜವಾಗ್ಲೂ?"

"ನಾನು ಯಾವತ್ತಾದ್ರೂ ನಿನಗೆ ಸುಳ್ಳು ಹೇಳಿದೀನಾ?"

ಮಾಲ್ಜಾ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಹಣೆಯ ಗಂಟು ಬಿಚ್ಚಿತು, ಹೆಗಲು ಇಳಿಯಿತು, ಮುಖದ ತುಂಬ ಒಂದು ನೆಮ್ಮದಿ ಹರಡಿತು. "ಸದ್ಯ," ಎಂದಳು, "ನೀನು ಹೇಳಿದ ಮೇಲೆ ಮುಗೀತು. ಇವತ್ತು ನಿದ್ದೆ ಮಾಡ್ತೀನಿ."

ಪಿಲ್ಸುನ್ ಆ ಮುಖವನ್ನೇ ನೋಡಿದಳು. ದಿನಾ ಬೆಳಿಗ್ಗೆ ಫೋನು ಹಿಡಿದುಕೊಂಡು ನಿಂತಾಗ ತನ್ನ ಮುಖ ಹೇಗಿರುತ್ತಿತ್ತು ಎಂದು ಅವಳಿಗೆ ಇದುವರೆಗೆ ಗೊತ್ತಿರಲಿಲ್ಲ. ಹೀಗೇ ಇದ್ದಿರಬೇಕು. ಇಷ್ಟೇ ಪೆದ್ದಾಗಿ, ಇಷ್ಟೇ ಬೆಚ್ಚಗೆ.

ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. ಮಾಲ್ಜಾ ಅವಳ ಕೋಟಿನ ಕಾಲರನ್ನು ಕತ್ತಿನವರೆಗೆ ಎಳೆದು ಗುಂಡಿ ಹಾಕಿದಳು. ಹಾಕಿಸಿಕೊಳ್ಳುತ್ತ ಪಿಲ್ಸುನ್ ತೊರೆಯ ಆಚೆ ದಡ ನೋಡಿ ಒಂದು ಸಲ ಬಾಯಿ ತೆರೆದಳು.

"ಹತ್ತುತ್ತೀರಾ ಇಲ್ವಾ?" ಎಂದ ಡ್ರೈವರು.

ಅವಳು ಹತ್ತಿದಳು.