ಕತ್ತರಿಯಣ್ಣನ ಕಣ್ಣಿನ ಪೊರೆ

ಮೂಲೆಯ ಕಟಿಂಗ್ ಅಂಗಡಿಯಲ್ಲಿ ಕೂದಲಿಗಿಂತ ಮಾತೇ ಹೆಚ್ಚು ಉದುರುತ್ತಿತ್ತು. ಅಂಗಡಿಯವನನ್ನು ಎಲ್ಲರೂ ಕತ್ತರಿಯಣ್ಣ ಎನ್ನುತ್ತಿದ್ದರು. ಸರ್ಕಾರ ಹೊಸ ಆರೋಗ್ಯ ಯೋಜನೆ ತಂದ ಮೇಲಂತೂ ಅಲ್ಲಿ ದಿನವೂ ವಾದ. “ಬಡವರಿಗೆ ಒಳ್ಳೇದಾಯ್ತು” ಎಂದು ಒಬ್ಬರು. “ಕಾರ್ಡ್ ಕೊಟ್ರೆ ಆಯ್ತಾ? ಡಾಕ್ಟ್ರು ಎಲ್ಲಿದ್ದಾರೆ?” ಎಂದು ಇನ್ನೊಬ್ಬರು. ಕತ್ತರಿಯಣ್ಣನ ತೀರ್ಪು ಮಾತ್ರ ಒಂದೇ: “ಪುಕ್ಕಟೆ ವೈದ್ಯ ಅಂದ್ರೆ ಕಾಟಾಚಾರದ ವೈದ್ಯ.”

ಹೀಗೆ ಮಾತಾಡುತ್ತಲೇ ಅವನು ಒಂದು ವಿಷಯ ಮುಚ್ಚಿಟ್ಟಿದ್ದ. ಅವನ ಕಣ್ಣು ಮಂಜಾಗಿತ್ತು. ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡ. ಬಾಚಣಿಗೆಯನ್ನು ತಡಕಿ ಹುಡುಕತೊಡಗಿದ. ಒಂದು ದಿನ ಕ್ಷೌರಕ್ಕೆ ಬಂದಿದ್ದ ಶಾಲೆಯ ಮೇಷ್ಟ್ರ ಕಿವಿಯ ಬುಡಕ್ಕೆ ಕತ್ತಿ ತಗುಲಿ, ರಕ್ತ ಕಾಲರಿನವರೆಗೆ ಇಳಿಯಿತು. ಮೇಷ್ಟ್ರು ಬೈಯಲಿಲ್ಲ, ಹತ್ತಿ ಒತ್ತಿಕೊಂಡು ಎದ್ದುಹೋದರು. ಬೈದಿದ್ದರೇ ವಾಸಿ ಎನಿಸಿತು ಅವನಿಗೆ. ಮರುದಿನ ಅಂಗಡಿ ತೆರೆಯಲಿಲ್ಲ.

ಹೆಂಡತಿ ಪಕ್ಕದ ಮನೆಯ ನರ್ಸಕ್ಕನನ್ನು ಕರೆತಂದಳು. ಆಕೆ ಟಾರ್ಚ್ ಬಿಟ್ಟು ನೋಡಿ, “ಪೊರೆ ಇರೋ ಹಾಗಿದೆ ಅಣ್ಣ. ದೊಡ್ಡಾಸ್ಪತ್ರೆಯ ಕಣ್ಣಿನ ಡಾಕ್ಟ್ರಿಗೆ ತೋರಿಸಿ. ಆಪರೇಷನ್ ಬೇಕು ಅಂದ್ರೆ ಯೋಜನೆಯಲ್ಲೇ ಆಗುತ್ತೆ” ಎಂದಳು.

“ಅಲ್ಲಿ ಕಲಿಯೋ ಹುಡುಗರ ಕೈಗೆ ಕೊಡ್ತಾರಂತಲ್ಲಮ್ಮ!”

“ನೀವು ಮೊದಲು ಕತ್ತರಿ ಹಿಡಿದಾಗ ಪಕ್ಕದಲ್ಲಿ ಯಾರಿದ್ರು?”

“ನಮ್ಮಪ್ಪ. ಕೈ ಸ್ವಲ್ಪ ಸೊಟ್ಟಗಾದ್ರೂ ತಲೆಗೆ ಮೊಟಕೋರು.”

“ಅಲ್ಲೂ ಹಾಗೇ, ಪಕ್ಕದಲ್ಲಿ ದೊಡ್ಡ ಡಾಕ್ಟ್ರು ಇರ್ತಾರೆ.”

ಹೆಂಡತಿ ನಕ್ಕಳು. ಕತ್ತರಿಯಣ್ಣ ನಗಲಿಲ್ಲ. “ಸರದಿ? ಓಡಾಟ?”

“ಇರುತ್ತೆ. ಸುಳ್ಳು ಯಾಕೆ ಹೇಳಲಿ? ಕೆಲವು ವಾರ ಕಾಯಬೇಕಾಗಬಹುದು. ಆದ್ರೆ ಮನೇಲಿ ಕೂತು ಕಾದ್ರೆ ಪೊರೆ ತಾನಾಗೇ ಕರಗಲ್ಲ.”

ದೊಡ್ಡಾಸ್ಪತ್ರೆಯಲ್ಲಿ ನೋಡಿ, ಪೊರೆಯೇ ಎಂದು ಹೇಳಿ, ಆಪರೇಷನ್ನಿಗೆ ಹೆಸರು ಬರೆದುಕೊಂಡರು. ಕಾಯಬೇಕಾಗಿ ಬಂದದ್ದು ಆರು ವಾರ. ಕೊನೆಗೆ ಆಸ್ಪತ್ರೆಯ ಕೌಂಟರಿನವನು, “ಪೊರೆ ತೆಗೆದು ಕಣ್ಣೊಳಗೆ ಹಾಕೋ ಲೆನ್ಸ್ ಹೊರಗಿಂದ ದುಡ್ಡು ಕೊಟ್ಟು ತನ್ನಿ” ಎಂದುಬಿಟ್ಟ. “ನಾನು ಹೇಳಲಿಲ್ವಾ?” ಎಂದು ಕತ್ತರಿಯಣ್ಣ ಬಾಗಿಲ ಕಡೆ ತಿರುಗಿದ. ಹೆಂಡತಿ ಅವನ ತೋಳು ಬಿಡಲಿಲ್ಲ. ನರ್ಸಕ್ಕ ಹೇಳಿಕೊಟ್ಟಂತೆ ಯೋಜನೆಯ ಸಹಾಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ಅಲ್ಲಿದ್ದ ಹೆಂಗಸು ಯೋಜನೆಯ ಪಟ್ಟಿ ತೆಗೆದು ನೋಡಿ, ಕೌಂಟರಿಗೆ ಫೋನ್ ಮಾಡಿದಳು. ಲೆನ್ಸ್ ಯೋಜನೆಯಲ್ಲೇ ಸೇರಿತ್ತು. ಮರುದಿನ ಬಲಗಣ್ಣಿನ ಆಪರೇಷನ್ ಆಯಿತು.

ಡಾಕ್ಟರಮ್ಮ ಕಣ್ಣಿನ ಪಟ್ಟಿ ಬಿಚ್ಚಿದಾಗ ಅವನು ಹೆಂಡತಿಯನ್ನೇ ದಿಟ್ಟಿಸಿದ. “ನಿನ್ನ ತಲೆ ಯಾವಾಗ ಇಷ್ಟು ನರೆಯಿತೇ?”

“ಎರಡು ವರ್ಷ ಆಯ್ತು ರೀ. ನೋಡೋಕೆ ಕಣ್ಣು ಬೇಕಲ್ಲ!”

ಇಬ್ಬರೂ ಕಣ್ಣೀರು ಬರುವಷ್ಟು ನಕ್ಕರು. ಡಾಕ್ಟರಮ್ಮ ಗದರಿದರು: “ಕಣ್ಣು ಉಜ್ಜಬೇಡಿ!”

ಎಡಗಣ್ಣಿನದೂ ಮುಗಿದು ಅಂಗಡಿ ಮತ್ತೆ ತೆರೆದ ಮೇಲೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಸಮಿತಿಯ ಸಭೆ ನಡೆಯಿತು. ಕತ್ತರಿಯಣ್ಣ ಎದ್ದು ನಿಂತು, “ಯೋಜನೆ ಒಳ್ಳೇದೇ. ಆದ್ರೆ ಆರು ವಾರ ಕಾದೆ, ಅದು ಸರಿಯಲ್ಲ. ಕಣ್ಣಿನ ಡಾಕ್ಟ್ರು ವಾರಕ್ಕೊಮ್ಮೆ ಇಲ್ಲಿಗೇ ಬರಲಿ” ಎಂದ. ಅದನ್ನು ಬರೆದುಕೊಂಡರು. ಈಗ ಪ್ರತಿ ಗುರುವಾರ ಡಾಕ್ಟರು ಬರುತ್ತಾರೆ.

ನಿಮ್ಮ ಮನೆಯಲ್ಲೂ ಖರ್ಚಿಗೆ ಹೆದರಿ ಕಾಯಿಲೆ ಬಚ್ಚಿಟ್ಟುಕೊಂಡವರು ಇರಬಹುದು. ಇಂದೇ ಅವರ ಜೊತೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಯಾವ ಚಿಕಿತ್ಸೆ ಯೋಜನೆಯಲ್ಲಿದೆ, ಯಾವುದು ಇಲ್ಲ ಎಂದು ಕೇಳಿ. ಯಾರಾದರೂ ಇಲ್ಲ ಎಂದರೆ ಅಷ್ಟಕ್ಕೇ ಮನೆಗೆ ಮರಳಬೇಡಿ. ಯಾಕೆ ಇಲ್ಲ ಎಂದು ವಿಚಾರಿಸಿ. ಕೊರತೆ ಕಂಡರೆ ಸಭೆಯಲ್ಲಿ ಎದ್ದು ಹೇಳಿ. ಆಸ್ಪತ್ರೆ ನಮ್ಮದು, ಕೇಳುವವರೂ ನಾವೇ ಆಗಬೇಕು.