ಎಡಗಿವಿಯ ಕಚ್ಚು

ನನಗೆ ಬೀಳುವುದು ಒಂದೇ ಕನಸು. ನಾನು ಬಿಟ್ಟು ಬಂದ ಸಾಲೆ ಅದರಲ್ಲಿ ಬೆಳೆಯುತ್ತಲೇ ಇರುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಎಷ್ಟು ನಡೆದರೂ ಹೊರಗೆ ಹೋಗುವ ಬಾಗಿಲು ಮಾತ್ರ ಸಿಗುವುದಿಲ್ಲ. ವರಾಂಡದ ತುಂಬ ಕುರಿಗಳು. ಫರಸಿ ಕಲ್ಲಿನ ನೆಲದ ಮೇಲೆ ಅವುಗಳ ಗೊರಸಿನ ಸದ್ದು ಸಣ್ಣ ಮಳೆ ಬಂದ ಹಾಗೆ. ಕರಿಹಲಗೆಯ ಮೇಲೆ ಯಾರೋ ಏನೋ ಬರೆದಿರುತ್ತಾರೆ, ನಾನು ಓದಲು ಹತ್ತಿರ ಹೋದರೆ ಅಕ್ಷರಗಳೆಲ್ಲ ಉಣ್ಣೆಯಾಗಿ ಉದುರಿಬಿಡುತ್ತವೆ. ಎಚ್ಚರವಾದಾಗ ಹಲ್ಲು ಕಚ್ಚಿಕೊಂಡೇ ಇರುತ್ತೇನೆ.

ಒಂಬತ್ತನೇ ಇಯತ್ತೆಯಲ್ಲಿದ್ದಾಗ ಒಬ್ಬ ಮಾಸ್ತರ ಎಲ್ಲರೆದುರು ನನ್ನನ್ನು ನಿಲ್ಲಿಸಿ, "ಕುರಿ ಕಾಯೋ ಮಂದಿಗೆ ಬೀಜಗಣಿತ ಯಾತಕ್ಕಲೇ?" ಎಂದಿದ್ದ. ನಾನು ಕಂಪಾಸ್ ಪೆಟ್ಟಿಗೆ ಎಸೆದೆ. ಅವನಿಗೆ ತಾಗಲಿಲ್ಲ, ಕಿಟಕಿಯ ಗಾಜಿಗೆ ತಾಗಿತು. ಇವತ್ತಿಗೂ ನನಗೆ ಆ ಗುರಿ ತಪ್ಪಿದ್ದರ ಬೇಜಾರಿದೆ. ಮರುದಿನ ನಮ್ಮಪ್ಪ ಸೋಮನಿಂಗ ಸಾಲೆಗೆ ಬಂದ. ತಲೆಯ ರುಮಾಲು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಆ ಮಾಸ್ತರನಿಗೆ ಕೈ ಮುಗಿದ. ಇಡೀ ಸಾಲೆ ನೋಡುತ್ತಿತ್ತು. "ಯಾಕ ಕೈ ಮುಗೀತಿ? ನಿನಗ ಮಾನಾ ಇಲ್ಲೇನು?" ಎಂದು ನಾನು ಅಪ್ಪನ ಮೇಲೆಯೇ ಚೀರಿದೆ. ಅಪ್ಪ ರುಮಾಲು ಸುತ್ತಿಕೊಂಡು ನಡೆದುಬಿಟ್ಟ. ನಾನು ಸಾಲೆಗೆ ಮತ್ತೆ ಹೋಗಲಿಲ್ಲ, ಅಪ್ಪ ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

ಇದಾಗಿ ಆರು ವರ್ಷ. ಮನೆಯಲ್ಲಿ ಏನಿದ್ದರೂ ಅವ್ವನ ಮೂಲಕ. ನಾನು ಅವನ ಮಗ್ಗುಲಲ್ಲೇ ಕೂತಿದ್ದರೂ, "ಅವಗ ಹೇಳು, ರೊಟ್ಟಿ ಆರಾಕತ್ತೈತಿ ಅಂತ" ಎನ್ನುತ್ತಾನೆ. ಅವ್ವ ಶೇವಂತೆವ್ವ ನನ್ನ ಕಡೆ ತಿರುಗಿ, "ರೊಟ್ಟಿ ಆರಾಕತ್ತೈತಂತಪಾ" ಎನ್ನುತ್ತಾಳೆ. ನಾನು "ಕೇಳಸ್ತು" ಎಂದರೆ, "ಕೇಳಸ್ತಂತ್ರಿ" ಎಂದು ಅಪ್ಪನಿಗೆ ಮುಟ್ಟಿಸುತ್ತಾಳೆ.

ಆ ಆದಿತ್ಯವಾರ ಕಳೆದರೆ ಸೋಮವಾರ ನಸುಕಿನಲ್ಲಿ ಅಪ್ಪ ಹಿಂಡು ಹೊಡೆದುಕೊಂಡು ಮುದ್ದೇಬಿಹಾಳ ಬಿಡುವವನಿದ್ದ. ತಾಳಿಕೋಟೆ ದಾಟಿ, ಡೋಣಿ ಹೊಳೆಯ ಗುಂಟ, ಮೇವಿದ್ದಲ್ಲಿ ನಿಲ್ಲುತ್ತ ಹೋದರೆ ಮತ್ತೆ ಬರುವುದು ನಾಲ್ಕು ತಿಂಗಳಿಗೆ. ಅಷ್ಟರೊಳಗೆ ಅವನ ಬಾಯಿಂದ ನನಗೆಂದೇ ಒಂದು ಮಾತು ಬೀಳಬೇಕು. ಬೈಗುಳವಾದರೂ ನಡೆದೀತು, ನಡುವೆ ಅವ್ವ ಇರಬಾರದು. ಅದಕ್ಕಾಗಿಯೇ ಆ ಆಟ ಮಾಡಿದೆ.

ಆಟದ ದಾರಿ ತೋರಿಸಿದವಳು ತಂಗಿ ಕಾವೇರಿ. ಅವಳ ಕಾಲೇಜಿನಲ್ಲಿ ಒಬ್ಬರು ಮೇಡಮ್ಮು ಒಂದು ಪೆಟ್ಟಿಗೆ ಕೊಟ್ಟಿದ್ದರು. ಒಳಗೆ ಎಲೆಗಳು, ಇಸ್ಪೀಟಿನ ಎಲೆಗಿಂತ ಸ್ವಲ್ಪ ದೊಡ್ಡವು. ನಾಲ್ಕು ಮಂದಿ ಮೇಜಿನ ಸುತ್ತ ಕೂತು ಎಲೆ ಹರಡಿದರೆ ಅದೇ ಒಂದು ಬೀಗ ಹಾಕಿದ ಕೋಣೆ. ಎಲೆಗಳ ಮೇಲಿನ ಚಿತ್ರದಲ್ಲಿ, ಅಂಚಿನಲ್ಲಿ, ಮೂಲೆಯಲ್ಲಿ ಗುರುತುಗಳು ಅಡಗಿರುತ್ತವೆ. ಹುಡುಕಿ ಹುಡುಕಿ ಹೊತ್ತು ಮೀರುವುದರೊಳಗೆ ಹೊರಗೆ ಬರಬೇಕು. ಇದರಲ್ಲಿ ಒಬ್ಬನನ್ನು ಸೋಲಿಸಿ ಇನ್ನೊಬ್ಬ ಗೆಲ್ಲುವುದಿಲ್ಲ. ಬಂದರೆ ಎಲ್ಲರೂ ಹೊರಗೆ, ಇಲ್ಲದಿದ್ದರೆ ಎಲ್ಲರೂ ಒಳಗೆ. ಇದು ನನ್ನ ಎದೆಗೆ ನಾಟಿತು. ಆದರೆ ಎಲೆಯ ಮೇಲಿದ್ದದ್ದೆಲ್ಲ ಇಂಗ್ಲಿಷು. ಕಾವೇರಿ ಓದಿ ಹೇಳಬೇಕು, ನಾನು ತಲೆಯಾಡಿಸಬೇಕು. ಆಟದಲ್ಲೂ ಮತ್ತದೇ ಸಾಲೆ, ಮತ್ತದೇ ಹಿಂದಿನ ಬೆಂಚು. ನಾನು ಎಲೆ ಚೆಲ್ಲಿ ಎದ್ದುಹೋದೆ.

ಎದ್ದುಹೋದವನು ಪ್ರೆಸ್ಸಿಗೆ ಹೋದೆ. ನಾನು ಕೆಲಸ ಮಾಡುವುದು ದಾವಲಮಲಿಕ ಮಾಮಾನ ಪ್ರೆಸ್ಸಿನಲ್ಲಿ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಎಲ್ಲ ಕಡೆಯ ಲಗ್ನಪತ್ರಿಕೆಗಳೂ ಅಲ್ಲಿ ಅಚ್ಚಾಗುತ್ತವೆ. ಹೆಸರು ತಪ್ಪಿದವು, ತಾರೀಕು ತಪ್ಪಿದವು ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ. ದಪ್ಪ ಕಾಗದ, ಒಂದು ಬದಿ ಖಾಲಿ. ಅವನ್ನು ಕತ್ತರಿಸಿ ಹದಿನೆಂಟು ಎಲೆ ಮಾಡಿದೆ. ಖಾಲಿ ಬದಿಯಲ್ಲಿ ನನ್ನ ಕನಸಿನ ಸಾಲೆ ಬರೆದೆ. ಒಂದು ಎಲೆಗೆ ಒಂದು ಕೋಣೆ. ಅಕ್ಷರ ಒಂದೂ ಇಲ್ಲ.

"ಏನಲೇ ಮಾಳಿಂಗ, ಯಾರ ಲಗ್ನಾ ಮಾಡಾಕತ್ತೀದಿ?" ಎಂದು ಮಾಮಾ ಕೇಳಿದ.

"ಲಗ್ನಾ ಅಲ್ರಿ ಮಾಮಾ, ಬಾಗಲಾ ಮಾಡಾಕತ್ತೇನಿ."

"ಬಾಗಲಾ ಬಡಿಗ್ಯಾರು ಮಾಡ್ತಾರೋ. ನೀ ಮೊದಲ ಆ ಸಿಂದಗಿ ಬೀಗರ ಕಾರ್ಡ ಮುಗಸು."

ಹೊರಗೆ ಹೋಗುವ ದಾರಿಯನ್ನು ಎಲೆಗಳ ಅಂಚಿನಲ್ಲಿ ಅಡಗಿಸಿದೆ. ಕುರಿಗಾರರು ತಮ್ಮ ತಮ್ಮ ಕುರಿಯ ಕಿವಿಯ ಅಂಚು ಕೊಯ್ದು ಗುರುತು ಮಾಡುತ್ತಾರಲ್ಲ, ಹಾಗೆ ಪ್ರತಿ ಎಲೆಯ ಬಲ ಅಂಚಿಗೂ ಕತ್ತರಿಯಿಂದ ಕಚ್ಚು ಹಾಕಿದೆ. ಕೆಲವಕ್ಕೆ ಒಂದು, ಕೆಲವಕ್ಕೆ ಮೂರು. ಆರು ಎಲೆಗಳಿಗೆ ಮಾತ್ರ ನಮ್ಮ ಹಿಂಡಿನ ಗುರುತು, ಎರಡು ಕಚ್ಚು. ಆ ಆರನ್ನು ಸಾಲಾಗಿಟ್ಟರೆ ಕೋಣೆಗಳು ಒಂದಕ್ಕೊಂದು ಕೂಡಿ ಬಯಲಿಗೆ ಹೋಗುತ್ತವೆ. ಓದು ಬಂದವರಿಗಿಂತ ಮೊದಲು ಅಪ್ಪನ ಹೆಬ್ಬೆರಳಿಗೆ ಇದು ತಿಳಿಯಬೇಕು. ಆ ಮಾಸ್ತರ ಬಂದು ಕೂತರೆ ನೂರು ವರ್ಷ ಒಳಗೇ ಕೊಳೆಯಬೇಕು.

ಆದಿತ್ಯವಾರ ಊಟವಾದ ಮೇಲೆ ಪಡಸಾಲೆಯಲ್ಲಿ ಕಂಬಳಿ ಹಾಸಿದೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಒಂದು ರೊಟ್ಟಿಯಷ್ಟಗಲ ಬಿದ್ದಿತ್ತು. ಅದು ಹರಿಯುತ್ತ ಹೋಗಿ ಕಂಬದ ಬುಡ ಮುಟ್ಟುವುದರೊಳಗೆ ಆಟ ಮುಗಿಯಬೇಕು, ಅದೇ ನಮ್ಮ ಗಡಿಯಾರ.

"ಅವಗ ಹೇಳು, ನಾ ಇಸ್ಪೀಟ ಆಡಂಗಿಲ್ಲ ಅಂತ" ಎಂದ ಅಪ್ಪ, ಅವ್ವನಿಗೆ.

"ಇಸ್ಪೀಟ ಅಲ್ಲಂತ್ರಿ. ಇದರಾಗ ಯಾರನೂ ಸೋಲಸಂಗಿಲ್ಲಂತ" ಎಂದಳು ಅವ್ವ.

"ಮತ್ತ ಯಾಕ ಆಡೂದು?"

"ಯಪ್ಪಾ, ಗೆದ್ರ ಎಲ್ಲಾರೂ ಕೂಡೇ ಹೊರಗ ಬರೂದು" ಎಂದಳು ಕಾವೇರಿ. "ಸೋತ್ರ ಎಲ್ಲಾರೂ ಕೂಡೇ ಸಿಕ್ಕೊಂಡು ಕೂಡೂದು."

"ಅದು ಈಗೂ ಹಂಗ ಐತೆಲ್ಲ" ಎಂದ ಅಪ್ಪ. ಆದರೂ ಕೂತ. ಕಾವೇರಿ ಅವನ ಕೈ ಹಿಡಿದು ನನ್ನೆದುರಿಗೇ ಕೂರಿಸಿದಳು.

ನಾನು ಕಟ್ಟಳೆ ಹೇಳಿದೆ. ಒಳಗೆ ಸಿಕ್ಕಿಬಿದ್ದವನು ನಾನು. ಅವರು ಮೂವರು ಹೊರಗಿನವರು, ಒಬ್ಬೊಬ್ಬರ ಕೈಯಲ್ಲಿ ಆರು ಎಲೆ. ಯಾವ ಎಲೆ ಎಲ್ಲಿ ಇಡಬೇಕೆಂದು ಅವರವರೇ ನನಗೆ ಹೇಳಬೇಕು. ಹೇಳಿದ್ದನ್ನು ಮಾತ್ರ ನಾನು ಇಡುತ್ತೇನೆ. ನಾನಾಗಿ ಒಂದು ಮಾತಾಡಿದರೂ ಆಟ ಸೋತ ಹಾಗೆ.

ಮೊದಲು ಅವ್ವನೇ ಶುರುಮಾಡಿದಳು. "ಗಂಟಿ ತೂಗಬಿಟ್ಟ ಕೋಣಿ ಐತಿ ನನ್ನ ಕಡೆ. ಇಡಪಾ ನಡುವ." ಇಟ್ಟೆ. ಕಾವೇರಿ ಬೆಂಚಿನ ಕೋಣೆ ಇಡಿಸಿದಳು. ಅಪ್ಪ ಒಂದು ಎಲೆಯನ್ನು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು, "ಅವಗ ಹೇಳು, ಗಾಜ ಒಡದ ಕಿಡಕಿ ಐತಿ ಅಂತ" ಎಂದ.

"ಯಪ್ಪಾ, ಹಂಗ ನಡ್ಯಾಂಗಿಲ್ಲ. ನೀನ ಅಣ್ಣಗ ಹೇಳಬೇಕು."

ಅಪ್ಪ ಎಲೆಗಳನ್ನು ತೊಡೆಯ ಮೇಲೆ ಬೋರಲು ಹಾಕಿದ. ಬಿಸಿಲು ಕಂಬಳಿಯ ಅಂಚು ದಾಟಿತು. ಹಿತ್ತಲಿನ ಹಟ್ಟಿಯಲ್ಲಿ ಒಂದು ಮರಿ ಒದರಿತು. ಕಂಬಳಿಯ ಮೇಲೆ ನನ್ನ ಸಾಲೆ ಕಟ್ಟಿಕೊಳ್ಳತೊಡಗಿತ್ತು, ಬಿಸಿಲಲ್ಲಿ ತೇಲುವ ಧೂಳು ಅದರ ವರಾಂಡದಲ್ಲಿ ಅಡ್ಡಾಡುತ್ತಿತ್ತು. ನೋಡುತ್ತ ನೋಡುತ್ತ ನಾನು ನಿಜಕ್ಕೂ ಒಳಗೆ ಹೋಗಿಬಿಟ್ಟಿದ್ದೆ. ಗೊರಸಿನ ಸದ್ದು ಕೂಡ ಕೇಳಿಸತೊಡಗಿತು.

"ಸಿಕ್ತು!" ಎಂದು ಕಾವೇರಿ ಕೂಗಿದಳು. "ಯವ್ವಾ, ಇಲ್ಲಿ ನೋಡು, ಮೂಲ್ಯಾಗ ಹಳದಿ! ನಿನ್ನದರಾಗೂ ಐತಿ! ಅಣ್ಣಾ ಭಾಳ ಶಾಣ್ಯಾ ಅದಾನ. ಈ ಹಳದಿ ನಾಕೂ ಒಂದ ಸಾಲು. ಇಡಣ್ಣಾ, ಲಗೂನ ಇಡು."

ನಾನು ಹಳದಿ ಹಚ್ಚಿಯೇ ಇರಲಿಲ್ಲ. ಆದರೆ ಹೇಳಿದ್ದನ್ನು ಇಡಲೇಬೇಕು. ಇಟ್ಟೆ. ಕೋಣೆಗೆ ಕೋಣೆ ಕೂಡಲಿಲ್ಲ, ಎತ್ತ ನೋಡಿದರೂ ಗೋಡೆ. ಕಾವೇರಿ ತಿರುವಿ ಮುರುವಿ ಇಡಿಸಿದಳು. ಬಿಸಿಲು ಹರಿಯುತ್ತಲೇ ಇತ್ತು. ನನ್ನ ಕಿವಿ ಕಾದು ಕೆಂಡವಾಗಿತ್ತು, ಬಾಯಿ ಬಿಡುವ ಹಾಗಿರಲಿಲ್ಲ.

ಅಪ್ಪ ಕೈ ಚಾಚಿ ಒಂದು ಎಲೆ ಎತ್ತಿ ಮೂಸಿದ. "ಏ, ಇದು ಭಂಡಾರ, ದೇವರ ಅರಿಷಿಣ" ಎಂದು ಅವ್ವನನ್ನು ನೋಡಿದ. "ನೀ ಹಚ್ಚೀಯೇನು?"

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. "ಮತ್ತೇನ್ರಿ? ಎಲಿ ಹಿಂದ ಗಣಪ್ಪನ ಚಿತ್ರ, ಮದುಮಕ್ಕಳ ಹೆಸರು. ಯಾರದೋ ಲಗ್ನದ್ದು, ಹೊಸಾದು, ಬರೇ ಹಂಗ ಮನ್ಯಾಗ ಇಟ್ಕೊಬಾರದಂತ ಮ್ಯಾಲಿನ ನಾಕಕ್ಕ ನಮ್ಮ ಮನಿದೇವ್ರು ಮಾಳಿಂಗರಾಯನ ಭಂಡಾರ ಹಚ್ಚಿದೆ."

ಕಾವೇರಿ ನಕ್ಕು ನಕ್ಕು ಕಂಬಳಿಯ ಮೇಲೆ ಉರುಳಿದಳು. ಅಪ್ಪನ ಮೀಸೆಯೂ ಅಲುಗಿತು. ಭಂಡಾರ ಮೆತ್ತಿದ ಹೆಬ್ಬೆರಳಿನಿಂದ ಎಲೆಯ ಅಂಚು ಒರೆಸಲು ಹೋದವನು ತಟ್ಟನೆ ನಿಂತ. ಮತ್ತೊಮ್ಮೆ ಅಂಚು ಸವರಿದ. ಕಣ್ಣು ಮುಚ್ಚಿದ.

ಕತ್ತಲಲ್ಲಿ ಕುರಿ ಗುರುತು ಹಿಡಿಯುವ ಹೆಬ್ಬೆರಳದು. ಅಪ್ಪ ತನ್ನ ಎಲೆ ಸವರಿದ, ಅವ್ವನ ಕೈಯಿಂದ ಕಸಿದು ಸವರಿದ, ಕಾವೇರಿಯ ಕೈಯಿಂದ ಕಸಿದು ಸವರಿದ, ಕಂಬಳಿಯ ಮೇಲಿನವನ್ನೂ ಬಿಡಲಿಲ್ಲ. ಎರಡು ಕಚ್ಚಿನವು ಆರೂ ಒಂದೊಂದಾಗಿ ಅವನ ಎಡಗೈ ಸೇರಿದವು. ನನ್ನ ಸಾಲೆಯ ಗೋಡೆಗಳು ತೆಳ್ಳಗಾಗುತ್ತ ಬಂದವು, ಆಚೆಗೆ ಬಯಲಿನ ಬೆಳಕು ಮಂಜಿನ ಹಾಗೆ ಕಾಣಿಸತೊಡಗಿತು. ಇನ್ನೇನು ಹೇಳುತ್ತಾನೆ. ನನಗೇ ಹೇಳುತ್ತಾನೆ.

ಅಪ್ಪ ಆ ಆರು ಎಲೆಗಳನ್ನು ಬೆನ್ನ ಹಿಂದೆ ಸರಿಸಿದ. "ಇವು ನಮ್ಮವಲ್ಲ" ಎಂದು ಅವ್ವನಿಗೆ ಹೇಳಿದ. "ತಾಳಿಕೋಟಿ ಸಿದ್ಧರಾಮನ ಕುರಿ. ಕೂಡೇ ಮೇಯಾಕ ಬಿಟ್ಟಾಗ ನಮ್ಮ ಹಿಂಡಿನಾಗ ಸೇರ್ತಾವು. ಬ್ಯಾರೆ ಮಾಡು."

"ಅವು ನಮ್ಮವ!" ನಾನು ಚೀರಿಯೇಬಿಟ್ಟೆ. "ಎರಡು ಕಚ್ಚು ನಮ್ಮದ!"

"ಅಣ್ಣಾ! ಮಾತಾಡಿದಿ ನೀ! ಸೋತ್ವಿ!"

"ಎರಡು ಕಚ್ಚು ನಮ್ಮದ ಹೌದಲೇ!" ಅಪ್ಪ ಮೊಳಕಾಲ ಮೇಲೆ ಎದ್ದು ಕೂತಿದ್ದ. "ಯಾವ ಕಿವಿಗಿ? ನಮ್ಮದು ಎಡಗಿವಿ! ನೀ ಅಷ್ಟಕ್ಕೂ ಬಲಕ್ಕ ಕೊಯ್ದಿಟ್ಟೀದಿ! ಬಲಗಿವಿ ಸಿದ್ಧರಾಮಂದು! ಕುರಿಗಾರನ ಮಗಾ, ಇಷ್ಟ ತಿಳ್ಯಾಂಗಿಲ್ಲ ನಿನಗ?"

"ಬಲಕ್ಕ ಐತಿ! ಹುಟ್ಟಿದಾಗಿಂದ ನೋಡೇನಿ! ದಿನಾ ಸಂಜೀಕ ನೋಡೇನಿ!"

"ಎಲ್ಲಿ ನಿಂತು ನೋಡೀದಿ?"

"ಬಾಗಲದಾಗ ನಿಂತು!"

ಅವ್ವ ನನ್ನನ್ನೊಮ್ಮೆ ಅಪ್ಪನನ್ನೊಮ್ಮೆ ನೋಡಿದಳು. ಯಾರ ಮಾತನ್ನು ಯಾರಿಗೆ ಮುಟ್ಟಿಸಬೇಕೆಂದು ತಿಳಿಯದೆ ಅವಳ ಬಾಯಿ ಅರ್ಧ ತೆರೆದೇ ಇತ್ತು.

ಅಪ್ಪ ಮೆಲ್ಲಗೆ ಕೂತುಕೊಂಡ. ದನಿ ಇಳಿದಿತ್ತು. "ಬಾಗಲದಾಗ ನಿಂತ್ರ ಕುರಿ ನಿನ್ನ ಕಡೆ ಮುಖಾ ಮಾಡಿ ಬರ್ತಾವು. ಅದರ ಎಡಾ ನಿನಗ ಬಲಾ ಆಗಿ ಕಾಣತೈತಿ. ಹಿಂದ ನಡದವಗ ಎಡಾ ಎಡಾನ ಇರತೈತಿ."

ನಾನು ಒಮ್ಮೆಯೂ ಹಿಂಡಿನ ಹಿಂದೆ ನಡೆದವನಲ್ಲ.

"ದಿನಾ ನಿಲ್ಲತಿದ್ದೇನು?" ಎಂದು ಅಪ್ಪ ಕೇಳಿದ.

"ಹೂಂ."

"ಈ ಆರು ವರ್ಷಾನೂ?"

"ಪ್ರೆಸ್ ಬಿಟ್ಟಕೂಡ್ಲೆ ಬರ್ತಿದ್ದೆ."

ಅಪ್ಪ ಬೆನ್ನ ಹಿಂದಿನಿಂದ ಆ ಆರು ಎಲೆಗಳನ್ನು ತೆಗೆದು ಕಂಬಳಿಯ ಮೇಲಿಟ್ಟ. "ನಾ ಹಿಂಡಿನ ಹಿಂದ ಇರ್ತೇನಿ. ಧೂಳ ಎದ್ದಿರತೈತಿ" ಎಂದ. "ಬಾಗಲದಾಗ ಯಾರ ನಿಂತಾರೋ ನನಗ ಕಾಣತಿದ್ದಿಲ್ಲಪಾ."

ಬಿಸಿಲು ಕಂಬದ ಬುಡ ದಾಟಿ ಮೇಲೇರಿತ್ತು. ಕಟ್ಟಳೆ ಮುರಿದು ಸೋತೆವು, ಹೊತ್ತು ಮೀರಿಯೂ ಸೋತೆವು. ಅಪ್ಪ ಹೆಬ್ಬೆರಳಿನಿಂದ ಒಂದೊಂದೇ ಎಲೆ ನನ್ನ ಕಡೆ ತಳ್ಳಿದ. "ಇದು ಮೊದಲ ಇಡು. ಇದರ ಮಗ್ಗಲಾಗ ಒಡದ ಕಿಡಕಿ. ಹಂಗಲ್ಲಲೇ, ತಿರುವು." ಅವನು ಹೇಳಿದ ಹಾಗೆ ಇಟ್ಟೆ. ಕೋಣೆಗೆ ಕೋಣೆ ಕೂಡಿತು. ಆರನೆಯದು ಕೂತಾಗ ವರಾಂಡ ಮುಗಿದು ಬಯಲಾಯಿತು, ನಾನು ಬರೆದ ಕುರಿಗಳೆಲ್ಲ ಹೊರಗಿದ್ದವು.

"ಸೋತ ಮ್ಯಾಲ ಬಾಗಲಾ ತಗೀತಲ್ಲಣ್ಣಾ" ಎಂದಳು ಕಾವೇರಿ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಭಂಡಾರ ಹಚ್ಚಿದ್ದು ಸುಳ್ಳಾಗಲಿಲ್ಲ ನೋಡು" ಎಂದಳು.

ಅಪ್ಪ ಎದ್ದು ರುಮಾಲು ಸುತ್ತಿಕೊಂಡ. ಹಿತ್ತಲ ಬಾಗಿಲಲ್ಲಿ ನಿಂತು ತಿರುಗಿ ನೋಡಿದ. "ಬಾ" ಎಂದ.

ಹಟ್ಟಿಯಲ್ಲಿ ಅಪ್ಪ ಒಂದು ಕರಿ ಕುರಿಯನ್ನು ಮೊಳಕಾಲಲ್ಲಿ ಒತ್ತಿ ಹಿಡಿದ. ನನ್ನ ಭುಜ ಹಿಡಿದು ಅದರ ಹಿಂದೆ ನಿಲ್ಲಿಸಿದ. ನಾನು ಬಗ್ಗಿ ಕಿವಿ ಸವರಿದೆ. ಎಡಕ್ಕೆ, ಅಂಚಿನಲ್ಲಿ, ಎರಡು ಕಚ್ಚು. ಬೆಚ್ಚಗಿತ್ತು. ಅಪ್ಪನ ಹೆಬ್ಬೆರಳಿನ ಭಂಡಾರ ಅದಕ್ಕೂ ಹತ್ತಿತ್ತು. ಆ ಮಾಸ್ತರ ಈಗ ಎದುರಿಗೆ ಬಂದರೆ ಇನ್ನೊಂದು ಕಂಪಾಸ್ ಪೆಟ್ಟಿಗೆ ಎಸೆಯುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಸಲ ಅಪ್ಪನ ಮೇಲೆ ಚೀರುತ್ತಿರಲಿಲ್ಲ.

"ಹೊಸಾ ಎಲಿ ಕೊಯ್ಯಿ" ಎಂದ ಅಪ್ಪ ಕುರಿಯನ್ನು ಬಿಡುತ್ತ. "ಎಡಕ್ಕ ಕೊಯ್ಯಿ. ನಾ ಬರೂದರಾಗ ಮಾಡಿಟ್ಟಿರು. ಸಿದ್ಧರಾಮನ್ನೂ ಕರಕೊಂಡು ಬರ್ತೇನಿ, ಅವನೂ ಸಿಕ್ಕೊಂಡು ಕೂಡಲಿ."

ಸೋಮವಾರ ನಸುಕಿನಲ್ಲಿ ಹಿಂಡು ಹೊರಟಿತು. ಪ್ರೆಸ್ಸು ತೆರೆಯಲು ಇನ್ನೂ ಹೊತ್ತಿತ್ತು. ತಾಳಿಕೋಟೆ ದಾರಿಯಲ್ಲಿ ಬಹಳ ದೂರ, ಧೂಳಿನಲ್ಲಿ, ನಾನು ಅಪ್ಪನ ಮಗ್ಗುಲಲ್ಲಿ ಕುರಿಗಳ ಹಿಂದೆ ನಡೆದೆ. ಎಡಗಿವಿಗಳೆಲ್ಲ ಎಡಕ್ಕೇ ಇದ್ದವು.