ಕಂಪ್ಯೂಟರಿನ ಹೊಸ ಮುಖವೂ ಹತ್ತು ಅಡಿಯ ದಾರಿಯೂ

"ನನ್ನ ಸಿದ್ಧಕಟ್ಟೆ ಎಲ್ಲಿ? ನಿನ್ನೆ ಸಂಜೆ ಇಲ್ಲೇ ಇತ್ತು. ಯಾರು ಇದಕ್ಕೆ ಕೈ ಹಾಕಿದ್ದು?"

"ಸಿದ್ಧಕಟ್ಟೆ ಎಲ್ಲಿಗೂ ಹೋಗ್ಲಿಲ್ಲ ರಾಫಿಯಾ. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ."

"ತಮಾಷೆಯೆಲ್ಲ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಹನ್ನೆರಡು ವರ್ಷದಿಂದ ನಾನು ಕೂತ ಜಾಗ ಇದು. ಮುಟ್ಟುವ ಮೊದಲು ಒಂದು ಮಾತು ಕೇಳ್ಲಿಕ್ಕೆ ನಿಮ್ಮ ಬಾಯಿ ಬಿದ್ದುಹೋಗಿತ್ತಾ?"

"ನಾನು ಎಂತ ಮಾಡಿದ್ದು ಮಾರಾಯ್ತಿ? ಅಪ್‌ಡೇಟ್ ಬಂತು, ಹಾಕಿದೆ. ಲೋಕಕ್ಕೆಲ್ಲ ಬಂದದ್ದು ನಮಗೂ ಬಂತು. ನೀನು ಒಮ್ಮೆ ಸರಿಯಾಗಿ ನೋಡು, ಎಷ್ಟು ಚಂದ ಉಂಟು!"

ಬಿ.ಸಿ. ರೋಡಿನ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ ದಸ್ತಾವೇಜು ಬರೆಯುವ ಶ್ರೀಕೃಷ್ಣ ಭಟ್ಟರ ಕಚೇರಿ. ಜಗಳವಾಡುತ್ತಿದ್ದವರು ಅಲ್ಲಿ ಟೈಪು ಮಾಡುವ ರಾಫಿಯಾ ಮತ್ತು ಭಟ್ಟರ ಅಳಿಯ ಶಶಿಕಿರಣ. ಇವನು ಉಜಿರೆಯ ಕಾಲೇಜಿನಲ್ಲಿ ಕಂಪ್ಯೂಟರು ಕಲಿತವನು. ಕಲಿತದ್ದು ಒಳಗೆ ಸುಮ್ಮನಿರದೆ ಹೊರಗೆ ಬರಲು ಒದ್ದಾಡುತ್ತಿತ್ತು.

ಎದುರಿನ ಬೆಂಚಿನಲ್ಲಿ ಕುಳಿತ ಲೋಲಾಕ್ಷಿಗೆ ಅವರಿಬ್ಬರ ಕೆನ್ನೆಗೂ ಒಂದೊಂದು ಬಾರಿಸುವ ಮನಸ್ಸಾಗಿತ್ತು. ಆದರೆ ಬಾರಿಸುವ ಹಾಗಿಲ್ಲ, ಬಾಯಿ ತೆರೆಯುವ ಹಾಗೂ ಇಲ್ಲ. ಪಕ್ಕದಲ್ಲಿ, ಒಂದು ಕೈಯಷ್ಟು ಜಾಗ ಬಿಟ್ಟು, ಗಂಡನ ಅಣ್ಣ ಶೀನಪ್ಪ ಶೆಟ್ಟರು ಕುಳಿತಿದ್ದರು. ಅವರು ಇವತ್ತು ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು.

ಸಂಗತಿ ಇಷ್ಟೆ. ಸಿದ್ಧಕಟ್ಟೆಯಲ್ಲಿ ಅಣ್ಣತಮ್ಮಂದಿರ ಜಾಗ ಪಾಲಾದಾಗ ಲೋಲಾಕ್ಷಿಯ ಮನೆ ಹಿಂದಕ್ಕೆ ಬಿತ್ತು, ರಸ್ತೆಗೆ ಹೊಂದಿಕೊಂಡ ಪಾಲು ಶೀನಪ್ಪ ಶೆಟ್ಟರದ್ದಾಯಿತು. ಅವಳ ಗಂಡ ಮಸ್ಕತ್ತಿನ ಹೋಟೆಲಿನಲ್ಲಿ ಅಡುಗೆ ಮಾಡುತ್ತ, ಫೋನಿನಲ್ಲಿ "ಅಣ್ಣ ಅಲ್ವಾ, ಬಿಡ್ತಾನೆ" ಎನ್ನುತ್ತಿದ್ದ. ಅಣ್ಣ ಬಿಡಲಿಲ್ಲ. ಎರಡು ಅಡಿಯ ಕಾಲುಹಾದಿ ಬಿಟ್ಟರು, ಅಷ್ಟೆ. ಗ್ಯಾಸಿನ ಸಿಲಿಂಡರು ತಲೆಯ ಮೇಲೆ ಬರಬೇಕು, ಅಕ್ಕಿಯ ಚೀಲ ಹೆಗಲ ಮೇಲೆ ಬರಬೇಕು. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಅಂಗಳದಲ್ಲಿ ಜಾರಿ ಅವಳ ಕಾಲು ಮುರಿದಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು, ರಸ್ತೆಯಲ್ಲಿದ್ದ ರಿಕ್ಷಾದವರೆಗೆ ತಂದರು. ಊರವರೆಲ್ಲ ನಿಂತು ನೋಡಿದ್ದರು. ಆ ನಾಚಿಕೆಗೋ ಏನೋ, ಶೆಟ್ಟರ ಹೆಂಡತಿ ನೀಲಾವತಿ ಗಂಡನ ಹಿಂದೆ ಬಿದ್ದು, ತಿಂಗಳುಗಟ್ಟಲೆ ಹೇಳಿ ಹೇಳಿ, ಹತ್ತು ಅಡಿ ದಾರಿ ಬರೆದುಕೊಡಲು ಒಪ್ಪಿಸಿದ್ದಳು. ಇವತ್ತು ಸಹಿ, ಮುಂದಿನ ವಾರ ರಿಜಿಸ್ಟ್ರಿ.

"ಒಂದೇ ಮಾತು ಲೋಲಾಕ್ಷಿ," ಎಂದು ನಿನ್ನೆ ನೀಲಾವತಿ ಹೇಳಿದ್ದಳು. "ಅವರು ಸಹಿ ಹಾಕುವವರೆಗೆ ನಿನಗೆ ಬಾಯಿ ಇಲ್ಲ. ನಿನ್ನ ಬಾಯಿಂದಾಗಿಯೇ ಎರಡು ವರ್ಷ ಹೋದದ್ದು."

ಅದು ಸುಳ್ಳಲ್ಲ. ಲೋಲಾಕ್ಷಿ ಊರಿನ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಅಲ್ಲಿ ಕಲಿತದ್ದರಲ್ಲಿ ಅರ್ಧ ಮರೆತಿದ್ದರೂ ತಪ್ಪನ್ನು ತಪ್ಪು ಎಂದು ಗಟ್ಟಿಯಾಗಿ ಹೇಳುವುದನ್ನು ಮರೆತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಬಸ್ಸು ಹತ್ತಿದಾಗಿನಿಂದ ಹಲ್ಲು ಕಚ್ಚಿ ಕುಳಿತಿದ್ದಳು.

ಈಗ ನೋಡಿದರೆ ಕಾಗದವೇ ಇಲ್ಲ. ಅಂದರೆ ಉಂಟು, ಕಂಪ್ಯೂಟರಿನ ಒಳಗೆ ಉಂಟು. ಆದರೆ ಎಲ್ಲಿ ಉಂಟು ಎಂದು ಯಾರಿಗೂ ಗೊತ್ತಿಲ್ಲ.

ರಾಫಿಯಾಳ ಕ್ರಮವೇ ಬೇರೆ. ಅವಳು ಕರಡುಗಳಿಗೆ ಹೆಸರಿಡುತ್ತಿರಲಿಲ್ಲ, ನಂಬರು ಮಾತ್ರ. ಒಂದೊಂದನ್ನೂ ಪರದೆಯ ಮೇಲೆ ಊರಿನ ಜಾಗ ನೋಡಿ ಕೂರಿಸುತ್ತಿದ್ದಳು. ಸಿದ್ಧಕಟ್ಟೆಯವರದ್ದು ಮೇಲೆ, ಮೂಡುಬಿದಿರೆಯವರದ್ದು ಇನ್ನೂ ಮೇಲೆ, ನೆರಿಯದವರದ್ದು ಬಲಗಡೆಯ ಕೊನೆಯ ಅಂಚಿಗೆ. ಕೆಳಗೆ ಒಂದು ಸಾಲು ಖಾಲಿ, ಅದು ನೇತ್ರಾವತಿ. ಹೊಳೆಯಾಚೆಯವರು ಅದರ ಕೆಳಗೆ. ಭಟ್ಟರೂ ಹಾಗೆಯೇ ಹೇಳುತ್ತಿದ್ದರು: "ರಾಫಿಯಾ, ಸಿದ್ಧಕಟ್ಟೆ ಪೇಟೆಯಿಂದ ಸ್ವಲ್ಪ ಎಡಕ್ಕೆ, ಅದನ್ನು ತೆಗಿ." ಹನ್ನೆರಡು ವರ್ಷ ಒಂದು ಕಾಗದವೂ ತಪ್ಪಿರಲಿಲ್ಲ. ಶಶಿಕಿರಣ ನಿನ್ನೆ ರಾತ್ರಿ ಕಂಪ್ಯೂಟರಿಗೆ ಹೊಸ ರೂಪ ಹಾಕಿದ. ಪರದೆ ಚಂದ ಕಾಣಲಿ ಎಂದು ಎಲ್ಲವನ್ನೂ ಸಾಲಾಗಿ ಜೋಡಿಸುವ ಒಂದು ಗುಂಡಿಯನ್ನೂ ಒತ್ತಿದ. ತಾಲೂಕಿಗೆ ತಾಲೂಕೇ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಎಡಗಡೆ ಸಾಲು ನಿಂತಿತು. ಅಲ್ಲಿ ನೂರೆಂಬತ್ತು ಕರಡುಗಳು, ಎಲ್ಲದಕ್ಕೂ ಒಂದೇ ಮುಖ.

"ಹುಡುಕ್ಲಿಕ್ಕೆ ಜಾಗ ಉಂಟಲ್ಲ," ಎಂದು ಶಶಿಕಿರಣ ಪರದೆಗೆ ಬೆರಳಿಟ್ಟ. "ಶೀನಪ್ಪ ಅಂತ ಹೊಡಿ, ಬರ್ತದೆ."

ಹೊಡೆದರು. ಬರಲಿಲ್ಲ. ಭಟ್ಟರ ಕಚೇರಿಯಲ್ಲಿ ಬಳಸುವುದು ಓಬೀರಾಯನ ಕಾಲದ ಕನ್ನಡ ಅಕ್ಷರ. ಕಾಗದದ ಮೇಲೆ ಮನುಷ್ಯರಿಗೆ ಓದಲು ಬರುತ್ತದೆ, ಹುಡುಕುವಾಗ ಕಂಪ್ಯೂಟರಿಗೆ ಬರುವುದಿಲ್ಲ. ಅದು ಶೀನಪ್ಪ ಶೆಟ್ಟರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಮುಂಬಯಿಯ ಯಾವುದೋ ಹೋಟೆಲಿನ ಚಿತ್ರ ತೋರಿಸಿತು.

"ಇದು ನಾನಲ್ಲ," ಎಂದರು ಶೀನಪ್ಪ ಶೆಟ್ಟರು.

ಭಟ್ಟರು ಕನ್ನಡಕ ಹಾಕಿಕೊಂಡು ಬಂದರು. ಅರುವತ್ತು ದಾಟಿದ ಮನುಷ್ಯ, ತಾಲೂಕಿನ ಅರ್ಧ ಗಡಿ ಅವರ ಕೈಯಲ್ಲೇ ಬರೆಸಿಕೊಂಡದ್ದು. ಈಗ ಎರಡು ಬಯ್ಗುಳ ಹಾಕಿ ಎಲ್ಲವನ್ನೂ ಸರಿಮಾಡುತ್ತಾರೆ ಎಂದುಕೊಂಡಳು ಲೋಲಾಕ್ಷಿ. ಭಟ್ಟರು ಪರದೆಯ ಹತ್ತಿರ ಮೂಗು ತಂದು, ಸ್ವಲ್ಪ ಹಿಂದೆ ಸರಿದು, ಮತ್ತೆ ನೋಡಿ, "ಗಾಜಿನ ಹಾಗೆ ಉಂಟಲ್ಲ ಮಾರಾಯ! ಮೂಲೆಗಳೆಲ್ಲ ಉರುಟು ಮಾಡಿದ್ದಾರೆ. ಕಣ್ಣಿಗೆ ಒಂಥರಾ ತಂಪು," ಎಂದರು.

"ಹೇಳ್ಲಿಲ್ವಾ ನಾನು!" ಶಶಿಕಿರಣನ ಮುಖ ಅರಳಿತು.

"ತಂಪಂತೆ! ಮೆನು ಎಡಗಡೆ ಮೂಲೆಯಲ್ಲಿತ್ತು, ಈಗ ನಡುವಿಗೆ ಬಂದು ಕೂತಿದೆ," ಎಂದಳು ರಾಫಿಯಾ. "ನನ್ನ ಕೈ ಅಲ್ಲಿಗೆ ಹೋಗ್ತದೆ, ಅಲ್ಲಿ ಏನೂ ಇಲ್ಲ. ತೆರೆಯುವಾಗ ಒಂದು ಕುಣಿತ, ಮುಚ್ಚುವಾಗ ಒಂದು ಕುಣಿತ. ಇದು ಕೆಲಸಕ್ಕೆ ಮಾಡಿದ್ದಾ, ನಾಟಕಕ್ಕಾ?"

ಅಷ್ಟರಲ್ಲಿ ಇನ್ನೊಬ್ಬರು ಮೆಟ್ಟಿಲು ಹತ್ತಿ ಬಂದರು. ನಿವೃತ್ತರಾದ ತ್ರಿಪುರಸುಂದರಿ ಟೀಚರು, ತಮ್ಮ ವೀಲುನಾಮೆಯಲ್ಲಿ, ಅಂದರೆ ಉಯಿಲಿನಲ್ಲಿ, ಒಂದು ಹೆಸರು ಬದಲಿಸಲು ಬಂದವರು. ವಿಷಯ ಕಿವಿಗೆ ಬಿದ್ದದ್ದೇ ತಡ, ಬ್ಯಾಗು ಮೇಜಿನ ಮೇಲಿಟ್ಟರು.

"ನಮ್ಮಲ್ಲಿಯೂ ಬಂತು! ನನಗಂತೂ ಇಷ್ಟ ಆಯ್ತು. ಆದರೆ ಅಕ್ಷರ ಮಾತ್ರ ಹಿಂದಿನ ಬಣ್ಣದಲ್ಲಿ ಕಲಸಿಹೋಗ್ತದೆ. ನಿಮ್ಮದರಲ್ಲಿ ಹಾಗೆ ಆಗ್ತದಾ?"

"ಅದಕ್ಕೆ ಗಾಢ ಬಣ್ಣ ಹಾಕ್ಬೇಕು ಟೀಚರ್, ತೋರಿಸ್ತೇನೆ," ಎಂದು ಶಶಿಕಿರಣ ಪರದೆಯನ್ನು ಕಪ್ಪು ಮಾಡಿ ತೋರಿಸಿದ.

"ಅಯ್ಯೋ, ಇದು ಬೇಡ. ಮೊದಲಿನದ್ದೇ ಲಕ್ಷಣ."

ಕಾಗದದ ಕಟ್ಟು ಕೇಳಲು ಬಂದ ಪಕ್ಕದ ಜೆರಾಕ್ಸ್ ಅಂಗಡಿಯ ಜಿತೇಶನೂ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟ. ಇದೆಲ್ಲ ದನ ತೊಳೆದು ಸಂತೆಗೆ ತಂದ ಹಾಗೆ, ಒಳಗೆ ಹಳೆಯದೇ, ತನ್ನ ಅಂಗಡಿಯಲ್ಲಿ ತಾನು ಮರುದಿನವೇ ಹಿಂದಿನದಕ್ಕೆ ತಿರುಗಿಸಿದ್ದೇನೆ ಎಂದ. ಹಿಂದಕ್ಕೆ ಹೋಗುವವರು ಮುಂದೆ ಬರುವುದಿಲ್ಲ ಎಂದ ಶಶಿಕಿರಣ. ಮುಂದೆ ಬಂದು ನೀನು ಎಂತ ಕಿಸಿದದ್ದು ಎಂದ ಜಿತೇಶ.

ಇಷ್ಟೂ ಜನರಿಗೆ ಒಂದು ಪೆಟ್ಟಿಗೆಯ ಮುಖದ ಬಗ್ಗೆ ಇಷ್ಟೊಂದು ಅಭಿಪ್ರಾಯ ಹೇಗೆ ಬಂತು ಎಂದು ಲೋಲಾಕ್ಷಿಗೆ ಅರ್ಥವಾಗಲಿಲ್ಲ. ಓದಿದವರು, ಲೋಕ ಕಂಡವರು. ಬಚ್ಚಲಿಗೆ ಸುಣ್ಣ ಬಳಿದದ್ದನ್ನು ನೋಡಲು ಸೇರಿದವರ ಹಾಗೆ ಸುತ್ತ ನಿಂತು, ನೀಲಿ ಚೆಂದವೋ ಬಿಳಿ ಚೆಂದವೋ ಎನ್ನುತ್ತಿದ್ದರು. ಅವಳು ಅವರನ್ನು ನೋಡುವುದು ಬಿಟ್ಟು ಭಾವನ ಪಾದ ನೋಡುತ್ತಿದ್ದಳು. ಆ ಪಾದ ಚಪ್ಪಲಿಯಿಂದ ಹೊರಬಂದು ನಿರಾಳವಾಗಿ ಕುಳಿತಿದ್ದದ್ದು, ಈಗ ಚಪ್ಪಲಿಯನ್ನು ಹುಡುಕತೊಡಗಿತ್ತು.

"ಲೋಲಾಕ್ಷಿ," ಎಂದರು ಶೀನಪ್ಪ ಶೆಟ್ಟರು, ಅವಳಿಗೆ ಮಾತ್ರ ಕೇಳುವಂತೆ ತುಳುವಿನಲ್ಲಿ. "ಹತ್ತು ಅಡಿ ಅಂತ ನಾನು ಹೇಳಿದ್ದಾ?"

"ಹೌದು ಭಾವ. ನೀಲಾವತಿ ಅಕ್ಕನ ಎದುರೇ ಹೇಳಿದ್ದು."

"ರಿಕ್ಷಾಕ್ಕೆ ಎಂಟು ಸಾಕಲ್ವಾ?"

"ಲಾರಿ ಬರ್ಬೇಕಲ್ಲ ಭಾವ, ಮನೆ ಕೆಲಸಕ್ಕೆ ಕಲ್ಲು ಹೊಯಿಗೆ ತರುವಾಗ."

ಅತ್ತ ರಾಫಿಯಾ ಕರಡುಗಳನ್ನು ಒಂದೊಂದಾಗಿ ತೆರೆಯಲು ಶುರುಮಾಡಿದ್ದಳು. ನೆರಿಯದ ಯಾರದ್ದೋ ರಬ್ಬರು ತೋಟ ತೆರೆಯಿತು, ಮುಚ್ಚಿತು. ಬೆಳ್ತಂಗಡಿಯ ಒಂದು ಅಂಗಡಿ ಕೋಣೆ ತೆರೆಯಿತು. ಹತ್ತನೆಯದಕ್ಕೆ ಬರುವಾಗ ಟೀಚರು, "ಇದನ್ನು ನನ್ನ ಮಗಳು ವಸುಧಾಳಿಗೆ ತೋರಿಸ್ಬೇಕು, ಸ್ವಲ್ಪ ನಿಲ್ಲಿ," ಎಂದು ಮೊಬೈಲು ತೆಗೆದು ಪರದೆಯ ಫೋಟೊ ಹಿಡಿದರು. ಪ್ರತಿಫಲನ ಬಂತೆಂದು ಇನ್ನೊಂದು ಹಿಡಿದರು. ರಾಫಿಯಾ ಕೈ ಕಟ್ಟಿ ಕಾದಳು. ಭಟ್ಟರು ಕಿಟಕಿಯ ಪರದೆ ಎಳೆದುಕೊಟ್ಟರು.

"ಶೆಟ್ರೆ, ನೀವು ಹೇಳಿ," ಎಂದ ಶಶಿಕಿರಣ ಇದ್ದಕ್ಕಿದ್ದಂತೆ ಬೆಂಚಿನ ಕಡೆ ತಿರುಗಿ. "ಹೊರಗಿನವರ ಕಣ್ಣು ಸರಿ ಹೇಳ್ತದೆ. ಚಂದ ಉಂಟೋ ಇಲ್ವೋ?"

ಶೀನಪ್ಪ ಶೆಟ್ಟರು ಪರದೆಯನ್ನು ನಿಧಾನಕ್ಕೆ ನೋಡಿದರು. "ನನ್ನ ಜಾಗ ಅದರ ಒಳಗೆ ಉಂಟು ಅಂತ ಹೇಳಿದ್ರಿ. ನನಗೆ ಕಾಣುವುದಿಲ್ಲ. ಕಾಣದ್ದಕ್ಕೆ ಚಂದ ಎಂತದ್ದು?" ಎಂದರು. ಆಮೇಲೆ ಲೋಲಾಕ್ಷಿಗೆ, "ಆರು ಅಡಿ ಮಾಡುವ. ಆರು ಧಾರಾಳ ಆಯ್ತು. ಗೋಡೆಯ ಹತ್ತಿರ ಎರಡು ತೆಂಗು ಉಂಟು, ಅದು ಹಾಳಾಗುವುದು ಬೇಡ," ಎಂದರು.

ಅರ್ಧ ಗಂಟೆಯಲ್ಲಿ ನಾಲ್ಕು ಅಡಿ ಹೋಯಿತು. ಇನ್ನರ್ಧ ಗಂಟೆ ಇವರು ಹೀಗೆ ಅಂದಚಂದ ನೋಡಿದರೆ ಮತ್ತೆ ಅದೇ ಎರಡು ಅಡಿ, ಅದೇ ಪ್ಲಾಸ್ಟಿಕ್ ಕುರ್ಚಿ. ಲೋಲಾಕ್ಷಿ ಎದ್ದು ಮೇಜಿನ ಬಳಿ ಹೋದಳು. ಆದಷ್ಟು ಮೆತ್ತಗೆ ಕೇಳಿದಳು.

"ಭಟ್ರೇ, ಅದು ಸಿಗುವಾಗ ಸಿಗ್ಲಿ. ನೀವು ಕೈಯಲ್ಲಿ ಬರೀರಿ. ಸರ್ವೆ ನಂಬರು ನನಗೆ ಬಾಯಿಪಾಠ ಉಂಟು, ಮೂಡು ಪಡು ಗಡಿ ಎಲ್ಲ ಹೇಳ್ತೇನೆ. ನಮ್ಮ ಪಾಲುಪಟ್ಟಿ ನೀವೇ ಅಲ್ವಾ ಕೈಯಲ್ಲಿ ಬರೆದದ್ದು?"

ಭಟ್ಟರು ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳ ಮಾತಿಗೆ ದೊಡ್ಡವರು ನಗುವ ನಗು.

"ಬರೀಬಹುದು ಲೋಲಾಕ್ಷಿಯಮ್ಮ. ಬರೆದರೆ ಕಾನೂನಿನಲ್ಲಿ ತೊಂದರೆ ಎಂತದ್ದೂ ಇಲ್ಲ. ಆದರೆ ಈಗ ಕೈಬರಹ ನೋಡ್ಲಿಕ್ಕೆ ಚಂದ ಕಾಣುವುದಿಲ್ಲ."

ಚಂದ!

ಬೆಳಿಗ್ಗೆಯಿಂದ ಕಚ್ಚಿ ಹಿಡಿದ ಹಲ್ಲು ಬಿಟ್ಟುಹೋಯಿತು.

"ಚಂದ ಯಾರಿಗೆ ಬೇಕಿತ್ತು ಭಟ್ರೇ? ನಾನು ನಿಮ್ಮಲ್ಲಿ ಚಂದ ಕೇಳ್ಲಿಕ್ಕೆ ಬಂದದ್ದಾ? ಆಗಿನಿಂದ ನೋಡ್ತಾ ಇದ್ದೇನೆ, ಐದು ಜನ ಸೇರಿ ಒಂದು ಡಬ್ಬಿಯ ಮೂತಿ ಒರೆಸ್ತಾ ಇದ್ದೀರಿ! ಉರುಟಂತೆ, ತಂಪಂತೆ! ಇವ ಒಬ್ಬ, ಕಲಿತ ಮಂಗ, ಇದ್ದದ್ದನ್ನು ಹಾಳುಮಾಡಿ ಚಂದ ಅಂತಾನೆ. ಇವಳೊಬ್ಬಳು, ಕಾಗದಕ್ಕೊಂದು ಹೆಸರು ಬರೀಲಿಕ್ಕೆ ಸೋಮಾರಿತನ, ಈಗ ಊರಿಗೆಲ್ಲ ಕೇಳುವ ಹಾಗೆ ಬೊಬ್ಬೆ! ಟೀಚರೇ, ನೀವು ಫೋಟೊ ತೆಗೀರಿ, ಮನೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿ!"

"ಲೋಲಾಕ್ಷಿಯಮ್ಮ, ಸ್ವಲ್ಪ..."

"ಸ್ವಲ್ಪ ಇಲ್ಲ! ನಾನು ಈ ಮನುಷ್ಯನನ್ನು ಇಲ್ಲಿವರೆಗೆ ತರ್ಲಿಕ್ಕೆ ಎರಡು ವರ್ಷ ಕಾಲು ಹಿಡಿದಿದ್ದೇನೆ. ಎರಡು ವರ್ಷ! ಕಲ್ಲಿನ ಕಾಲು ಹಿಡಿದಿದ್ದರೆ ಅದೂ ಎದ್ದು ನಡೀತಿತ್ತು!"

ಹೇಳಿ ಮುಗಿಸುವ ಮೊದಲೇ ಅವಳಿಗೆ ಗೊತ್ತಾಯಿತು. ಜಿತೇಶ ಮೆಲ್ಲನೆ ಬಾಗಿಲು ಬಿಟ್ಟು ಸರಿದ. ಶೀನಪ್ಪ ಶೆಟ್ಟರು ಚಪ್ಪಲಿಯೊಳಗೆ ಪಾದ ತುರುಕಿ ಎದ್ದಿದ್ದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಹುಡುಕುತ್ತಿದ್ದದ್ದು ಸಿಕ್ಕಿದ ಮನುಷ್ಯನ ನಿರಾಳ ಇತ್ತು. ಸಿಟ್ಟಿದ್ದರೆ ಅವಳು ಹೇಗಾದರೂ ಸಮಾಧಾನ ಮಾಡುತ್ತಿದ್ದಳು.

"ಕಲ್ಲು," ಎಂದರು ಅವರು. "ಸರಿ."

"ಭಾವ, ನಿಮಗಲ್ಲ ಹೇಳಿದ್ದು, ಇವರಿಗೆ..."

"ಯಾರಿಗೆ ಹೇಳಿದ್ದು ಅಂತ ಕೇಳಿತು. ಐದು ಜನರ ಎದುರು ಕೇಳಿತು." ಅವರು ಭಟ್ಟರಿಗೆ ಕೈಮುಗಿದರು. "ಒಂದು ಚಾ ಕುಡಿದು ಬರ್ತೇನೆ ಭಟ್ರೇ. ಅಷ್ಟರಲ್ಲಿ ಸಿಕ್ಕಿದರೆ ನೋಡುವ."

ಕೊಡೆ ಕಂಕುಳಲ್ಲಿಟ್ಟು ಹೋದರು. ಮೆಟ್ಟಿಲಿಳಿಯುವ ಸದ್ದು ಅವಸರದ್ದಾಗಿರಲಿಲ್ಲ.

"ಬರ್ತಾರೆ, ಬರ್ತಾರೆ," ಎಂದರು ಭಟ್ಟರು. "ಶೆಟ್ರು ಮಾತಿಗೆ ತಪ್ಪುವವರಲ್ಲ." ಟೀಚರು ತಮ್ಮ ವೀಲುನಾಮೆಯ ವಿಷಯ ಎತ್ತಲು ಇದು ಸಮಯವೋ ಅಲ್ಲವೋ ಎಂದು ಭಟ್ಟರ ಮುಖ ನೋಡಿದರು. ಶಶಿಕಿರಣ, ತನ್ನನ್ನು ಮಂಗ ಎಂದದ್ದು ಸರಿಯಾಗಲಿಲ್ಲ ಎಂದು ಕಿಟಕಿಗೆ ಹೇಳಿದ. ರಾಫಿಯಾ ಮಾತ್ರ ತಲೆ ತಗ್ಗಿಸಿ, ಒಂದರ ಮೇಲೊಂದು ಕರಡು ತೆರೆಯುತ್ತ ಹೋದಳು.

ಎಂಬತ್ತಮೂರನೆಯದು ಅವರದ್ದಾಗಿತ್ತು. ಪ್ರಿಂಟರು ಗೊರಗೊರ ಎಂದು ನಾಲ್ಕು ಹಾಳೆ ಹೊರಗೆ ನೂಕಿತು. ಲೋಲಾಕ್ಷಿ ಬಿಸಿ ಬಿಸಿ ಹಾಳೆ ಹಿಡಿದು ಓದಿದಳು. ಹತ್ತು ಅಡಿ ಅಗಲ, ಮೂಡು ಪಡು, ಸರ್ವೆ ನಂಬರು, ಎಲ್ಲ ಸರಿಯಾಗಿತ್ತು. ಕೆಳಗೆ ಸಹಿಯ ಜಾಗ ಖಾಲಿ ಇತ್ತು. ಅವಳು ಹಾಳೆಗಳನ್ನು ಹಿಡಿದೇ ಮೆಟ್ಟಿಲಿಳಿದು ಎದುರಿನ ಹೋಟೆಲಿಗೆ ಹೋದಳು. ಒಳಗೆ ಇಬ್ಬರು ಬಸ್ಸಿನ ಕಂಡಕ್ಟರುಗಳು ಬನ್ಸು ತಿನ್ನುತ್ತಿದ್ದರು. ಬೇರೆ ಯಾರೂ ಇರಲಿಲ್ಲ.

"ಕೊಡೆ ಹಿಡಿದ, ಎತ್ತರದ, ಬಿಳಿ ಪಂಚೆಯವರು ಇಲ್ಲಿ ಚಾ ಕುಡಿದ್ರಾ?"

"ಇಲ್ಲ ಅಕ್ಕ," ಎಂದ ಗಲ್ಲಾದವನು. "ಅವರು ಸಿದ್ಧಕಟ್ಟೆ ಬಸ್ಸಿಗೆ ಹತ್ತಿದ್ರು. ಆಗ್ಲೇ ಹೋಯ್ತಲ್ಲ."